ತೇವ ಹಿಡಿಯುವ ಬೆರಳು

ಹೊಗೆಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ಬಾಗಿಲು ತೆರೆದಿಟ್ಟ ಮರುಬೆಳಗ್ಗೆ ಹನಗೋಡಿನ ಸುತ್ತಲ ಊರುಗಳಲ್ಲಿ ಒಂದು ಪವಾಡ ನಡೆಯುತ್ತದೆ. ರೈತರು ಬೇಯಿಸಿದ ಸೊಪ್ಪಿನ ಒಂದೆಲೆ ಎತ್ತುತ್ತಾರೆ, ಎರಡು ಬೆರಳ ನಡುವೆ ಉಜ್ಜುತ್ತಾರೆ, ಮುಷ್ಟಿಯಲ್ಲಿ ಮೆಲ್ಲಗೆ ಹಿಚುಕಿ ಬಿಡುತ್ತಾರೆ. “ಇನ್ನೂ ಹದ ಬಂದಿಲ್ಲ ಕಣಪ್ಪ.” ಅಷ್ಟೇ! ಯಂತ್ರವಿಲ್ಲ, ಮಾಪಕವಿಲ್ಲ.

ಹದ ತಪ್ಪುವಂತಿಲ್ಲ. ದಿನಗಟ್ಟಲೆ ಕಾವು ತಿಂದ ಎಲೆ ಸುಟ್ಟ ಹಪ್ಪಳದಂತೆ, ಮುಟ್ಟಿದರೆ ಪುಡಿ. ಅದಕ್ಕೇ ಬಾಗಿಲು ತೆರೆದಿಟ್ಟು, ಲಕ್ಷ್ಮಣತೀರ್ಥ ಹೊಳೆಯ ಕಡೆಯಿಂದ ಬರುವ ರಾತ್ರಿಯ ತಂಪು ತೇವವನ್ನು ಕುಡಿಸುವುದು. ಹೆಚ್ಚು ಕುಡಿಯಿತೋ, ಒತ್ತಿ ಕಟ್ಟಿದ ಬೇಲ್‌ನೊಳಗೆ ಬೂಸಲು ಹಿಡಿದು ಬಣ್ಣ ಕೆಡುತ್ತದೆ. ಕಟ್ಟೆಮಳಲವಾಡಿಯ ಹರಾಜಿಗೆ ಹೋಗುವ ವರ್ಷದ ದುಡಿಮೆ ಆ ಎರಡು ಬೆರಳ ಮೇಲೆ ನಿಂತಿದೆ.

ಈಗ ಕೇಳಿ, ನನ್ನನ್ನು ಬೆರಗಾಗಿಸಿದ ಸಂಗತಿ: ಮನುಷ್ಯನ ಚರ್ಮದಲ್ಲಿ ತೇವ ತಿಳಿಯುವ ಗ್ರಾಹಕವೇ ಇಲ್ಲ! ಜಿರಳೆಯ ಮೀಸೆಗಿದೆ, ನಮಗಿಲ್ಲ. ತಣ್ಣಗಾಗುವುದು, ಜಾರುವುದು, ಅಂಟುವುದು, ಒತ್ತಿದಾಗ ಮಣಿಯುವುದು, ಈ ಬಿಡಿ ಸುದ್ದಿಗಳನ್ನು ಹೊಸೆದು ‘ಒದ್ದೆ’ ಎಂಬ ಅನುಭವವನ್ನು ಕಟ್ಟುವುದು ಮಿದುಳು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡೆ ಫಿಲಿಂಗೇರಿ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಬಿಡಿಸಿಟ್ಟರು. ಒಣ ವಸ್ತುವನ್ನೇ ತಣ್ಣಗೆ ಮಾಡಿ ಚರ್ಮಕ್ಕೆ ತಾಗಿಸಿದರೂ ಒದ್ದೆ ಎನ್ನಿಸುತ್ತದಂತೆ. ಜಡಿಮಳೆಯ ದಿನ ಹಗ್ಗದ ಮೇಲಿನ ಬಟ್ಟೆ ಒಣಗಿದೆಯೋ, ಬರೀ ತಣ್ಣಗಿದೆಯೋ ತಿಳಿಯದೆ ಕೆನ್ನೆಗೆ ಒತ್ತಿ ನೋಡುತ್ತೇವಲ್ಲ, ಅದೇ ಇದು!

ಕೈಯ ಚಲನೆಗೂ ಅರ್ಥವಿದೆ. 1987ರಲ್ಲಿ ಸೂಸನ್ ಲೆಡರ್ಮನ್, ರಾಬರ್ಟಾ ಕ್ಲಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞೆಯರು ಕಣ್ಣು ಕಟ್ಟಿದವರ ಕೈಗಳನ್ನು ಗಮನಿಸಿದರು. ನುಣುಪು ತಿಳಿಯಲು ಎಲ್ಲರೂ ಉಜ್ಜಿದರು, ಗಡಸು ತಿಳಿಯಲು ಒತ್ತಿದರು, ಭಾರಕ್ಕೆ ಎತ್ತಿ ತೂಗಿದರು, ಬಿಸಿಗೆ ಸುಮ್ಮನೆ ಅಂಗೈ ಇಟ್ಟರು. ಒಂದೊಂದು ಪ್ರಶ್ನೆಗೆ ಒಂದೊಂದು ಚಲನೆ, ಯಾರೂ ಕಲಿಸದೆ! ಅದಕ್ಕೂ ಎರಡು ವರ್ಷ ಮೊದಲು ಅವರೇ ಇನ್ನೊಂದು ಪರೀಕ್ಷೆ ಮಾಡಿದ್ದರು: ನಿತ್ಯಬಳಕೆಯ 100 ವಸ್ತುಗಳು, ಕಣ್ಣಿಗೆ ಪಟ್ಟಿ, ಮುಟ್ಟಿಯೇ ಗುರುತಿಸಬೇಕು. ಸುಮಾರು ಶೇಕಡ 96ರಷ್ಟು ಉತ್ತರ ಸರಿ, ಹೆಚ್ಚಿನವು ಐದು ಸೆಕೆಂಡಿನೊಳಗೆ.

ಇದನ್ನು ತಿಳಿದು ಮತ್ತೆ ಬ್ಯಾರನ್ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೆ. ಉಜ್ಜಿದ್ದು ಮೈಯ ನುಣುಪು ಕೇಳಲು, ಹಿಚುಕಿದ್ದು ಮಣಿತ ಕೇಳಲು. ಇನ್ನೊಂದು ಉಳಿದಿದೆ: ಎಲೆಯ ನಡುವಿನ ದಂಟನ್ನು ಕಿವಿಯ ಹತ್ತಿರ ತಂದು ಬಗ್ಗಿಸುತ್ತಾರೆ. ಎಲೆ ಬಟ್ಟೆಯಂತೆ ಮಡಿಯಬೇಕು, ದಂಟು ಮಾತ್ರ ಲಟಕ್ಕನೆ ಮುರಿಯಬೇಕು.

ಲಟಕ್! ಆಳುಗಳು ಎದ್ದು ಸೊಪ್ಪು ಇಳಿಸತೊಡಗುತ್ತಾರೆ.