ಅಧಿಸೂಚನೆಯನ್ನು ನಂಬಿ ನಿವೇಶನ ಕೊಳ್ಳುವ ಮುನ್ನ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನೋದ್ಯಮಕ್ಕೆಂದು 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲು 2021ರಲ್ಲಿ ಒಂದು ಸರ್ಕಾರವು ಹೊರಡಿಸಿದ ಅಧಿಸೂಚನೆಯನ್ನು, ದ್ರಾಕ್ಷಿ ಹಿಪ್ಪುನೇರಳೆಗಳನ್ನು ಬೆಳೆಯುವ ರೈತರು ಮೂರು ವರ್ಷಗಳಿಗೂ ಮಿಕ್ಕಿ ಧರಣಿ ಕುಳಿತ ತರುವಾಯ, 2025ರ ಜುಲೈ 15ರಂದು ಮತ್ತೊಂದು ಸರ್ಕಾರವು ಕೈಬಿಟ್ಟಿತು. ಆ ರೈತರ ಜಯವು ನ್ಯಾಯಸಮ್ಮತವೆಂದೇ ನಾನು ಬಗೆಯುತ್ತೇನೆ. ಆದರೆ ಬರಲಿರುವ ಕಾರ್ಖಾನೆಗಳ ಆಶೆಯಿಂದ ಇಂಥ ಪ್ರದೇಶಗಳ ಮಗ್ಗುಲಲ್ಲಿ ನಿವೇಶನ ಕೊಳ್ಳಹೊರಟ ಸಾಮಾನ್ಯ ಗೃಹಸ್ಥನು, ನಕ್ಷೆಯ ಮೇಲಿನ ಉದ್ಯಮನಗರಿಯು ಚುನಾವಣೆ, ಚಳವಳಿ, ನ್ಯಾಯಾಲಯಗಳೆಲ್ಲವನ್ನೂ ದಾಟಿಯೇ ನೆಲಕ್ಕಿಳಿಯಬೇಕೆಂಬುದನ್ನು ಅರಿತಿರಬೇಕು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ 28(1)ನೆಯ ಪ್ರಕರಣದಡಿ ಹೊರಡುವುದು ಸ್ವಾಧೀನದ ಪ್ರಸ್ತಾವ ಮಾತ್ರ. ಅಂತಿಮ ಘೋಷಣೆ 28(4)ರದು. ಮುಂಗಡ ಕೊಡುವ ಮುನ್ನ ಮೂಲ ಪಹಣಿಯ 11ನೆಯ ಕಾಲಮನ್ನು ನೀವೇ ಓದಿರಿ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರು ಅಲ್ಲಿ ಕಂಡರೆ, ಮಧ್ಯವರ್ತಿಯ ಮಾತು ಎಷ್ಟೇ ಮಧುರವಾಗಿರಲಿ, ಹಣವನ್ನು ಹೊರಗೆ ತೆಗೆಯಬೇಡಿರಿ.