ತೊಡೆಯ ಸ್ನಾಯುವಿಗೆ ನಗು ಕಲಿಸುವವರು

ಬಾಯಿ ಸೊಟ್ಟಗಾದವರ ಕಷ್ಟ ಕನ್ನಡಿಯ ಮುಂದೆ ಕಾಣುವುದಕ್ಕಿಂತ ಊಟಕ್ಕೆ ಕೂತಾಗ ಚೆನ್ನಾಗಿ ಗೊತ್ತಾಗುತ್ತದೆ. ಬಾಯಿಗಿಟ್ಟ ತುತ್ತು ಕೆನ್ನೆಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬೆರಳು ಹಾಕಿ ತಳ್ಳಬೇಕು. ನೀರು ಕುಡಿದರೆ ಬಾಯಿಯ ಮೂಲೆಯಿಂದ ಸೋರುತ್ತದೆ. ತುಟಿಗಳು ಸರಿಯಾಗಿ ಕೂಡದೆ ಪ, ಬ, ಮ ಅಕ್ಷರಗಳು ತೊದಲುತ್ತವೆ. ರಾತ್ರಿ ಮಲಗಿದರೆ ಒಂದು ಕಣ್ಣು ಅರೆತೆರೆದೇ ಇರುತ್ತದೆ. ಇಷ್ಟೆಲ್ಲ ಇದ್ದರೂ, ಇದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಅಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ ಎಂದು ತಳ್ಳಿಹಾಕುವವರೇ ಹೆಚ್ಚು. ಆ ಮಾತನ್ನು ನಾನು ಒಪ್ಪುವುದಿಲ್ಲ. ಉಣ್ಣುವುದು, ಮಾತಾಡುವುದು, ಕಣ್ಣು ಮುಚ್ಚುವುದು, ಎದುರಿಗೆ ಬಂದವರನ್ನು ನೋಡಿ ನಗುವುದು, ಇವು ಯಾವುವೂ ಅಲಂಕಾರವಲ್ಲ.

ಈ ಎಲ್ಲ ಕೆಲಸಗಳ ಹಿಂದಿರುವುದು ಏಳನೆಯ ಕಪಾಲ ನರ, ಅಂದರೆ ಮುಖದ ನರ. ಬಲಕ್ಕೊಂದು, ಎಡಕ್ಕೊಂದು. ಸ್ನಾಯುಗಳಿಗೆ ಆದೇಶ ಒಯ್ಯುವ ಸುಮಾರು 7,000 ತಂತುಗಳು ಇದರಲ್ಲಿವೆ. ಮೆದುಳಿನ ಕಾಂಡದಿಂದ ಹೊರಟು, ಕಿವಿಯ ಮೂಳೆಯೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ತಿರುವು ತಿರುವಾಗಿ ಸಾಗಿ, ಕಿವಿಯ ಹಾಲೆಯ ಕೆಳಗೆ ಹೊರಬಂದು, ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಐದು ಮುಖ್ಯ ಕವಲಾಗಿ ಒಡೆಯುತ್ತದೆ. ಹುಬ್ಬು, ರೆಪ್ಪೆ, ಕೆನ್ನೆ, ತುಟಿ, ಕುತ್ತಿಗೆ ಎಲ್ಲಕ್ಕೂ ಇದೇ ದಿಕ್ಕು. ಇಷ್ಟು ಸುತ್ತಿ ಬರುವುದರಿಂದಲೇ ದಾರಿಯುದ್ದಕ್ಕೂ ಅಪಾಯ.

ಆದರೂ ಬಾಯಿ ಸೊಟ್ಟಗಾದ ಎಲ್ಲರಿಗೂ ಕತ್ತರಿ ಬೇಕಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಮುಖದ ಒಂದು ಪಕ್ಕ ವಾಲಿದ್ದರೆ, ಹೆಚ್ಚಿನವರಲ್ಲಿ ಅದು ಬೆಲ್ಸ್ ಪಾಲ್ಸಿ. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಬಗ್ಗೆ ಪ್ರಬಂಧ ಮಂಡಿಸಿದ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ ಹೆಸರು ಅದಕ್ಕಿದೆ. ಹತ್ತರಲ್ಲಿ ಏಳು ಜನರಿಗೆ ಅದು ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ. 72 ಗಂಟೆಗಳೊಳಗೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ಗುಣವಾಗುವವರು ಇನ್ನೂ ಹೆಚ್ಚು.

ಶಸ್ತ್ರಚಿಕಿತ್ಸಕರ ಹತ್ತಿರ ಬರುವವರ ಕಥೆ ಬೇರೆ. ಕಿವಿಯ ನರದ ಮೇಲೆ ಬೆಳೆದ ಗಡ್ಡೆಯನ್ನು ತೆಗೆಯುವಾಗ ಪಕ್ಕದಲ್ಲೇ ಹಾದುಹೋಗುವ ಈ ನರಕ್ಕೂ ಪೆಟ್ಟು ಬಿದ್ದವರು. ಜೊಲ್ಲುಗ್ರಂಥಿಯ ಕ್ಯಾನ್ಸರ್ ಜೊತೆಗೆ ನರವನ್ನೂ ಕಳೆದುಕೊಂಡವರು. ಬೈಕಿನಿಂದ ಬಿದ್ದು ಕಿವಿಯ ಮೂಳೆ ಬಿರುಕು ಬಿಟ್ಟವರು. ವರ್ಷಗಟ್ಟಲೆ ಕಿವಿ ಸೋರಿದರೂ ಸುಮ್ಮನಿದ್ದು, ಸೋಂಕು ಮೂಳೆ ತಿಂದು ನರದವರೆಗೂ ಹೋದವರು. ಹುಟ್ಟುವಾಗಲೇ ಮುಖದ ಎರಡೂ ಪಕ್ಕ ಚಲನೆಯಿಲ್ಲದ ಮಕ್ಕಳೂ ಇದ್ದಾರೆ. 1888ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಅದನ್ನು ಮೋಬಿಯಸ್ ಸಿಂಡ್ರೋಮ್ ಎನ್ನುತ್ತಾರೆ. ಖುಷಿಯಾದರೂ ಆ ಮಗುವಿನ ಮುಖದಲ್ಲಿ ಅದು ಕಾಣುವುದಿಲ್ಲ. ನೋಡಿದವರು ಮಗುವಿಗೆ ಬುದ್ಧಿ ಕಮ್ಮಿ ಎಂದುಕೊಂಡುಬಿಡುತ್ತಾರೆ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಸಮಯ. ಗಾಜು ಅಥವಾ ಮಚ್ಚು ತಾಗಿ ಕೆನ್ನೆಯಲ್ಲಿ ನರ ಕತ್ತರಿಸಿದ್ದರೆ ಮೊದಲ ಮೂರು ದಿನಗಳೊಳಗೆ ಜೋಡಿಸುವುದು ಒಳ್ಳೆಯದು. ತುಂಡಾದ ನರದ ಮುಂದಿನ ಭಾಗ ಅಷ್ಟು ಹೊತ್ತು ವಿದ್ಯುತ್ ಪ್ರಚೋದನೆಗೆ ಮಿಡಿಯುತ್ತಿರುತ್ತದೆ. ಆ ಮಿಡಿತ ಹಿಡಿದೇ ವೈದ್ಯರು ಗಾಯದೊಳಗೆ ಅದನ್ನು ಹುಡುಕುತ್ತಾರೆ. ಎರಡು ತುದಿಗಳ ನಡುವೆ ಅಂತರವಿದ್ದರೆ ಮೀನಖಂಡದಿಂದ ನರದ ತುಂಡೊಂದನ್ನು ತಂದು ಕೂಡಿಸುತ್ತಾರೆ. ಅದಕ್ಕೆ ರೋಗಿ ತೆರುವ ಬೆಲೆ, ಪಾದದ ಹೊರ ಅಂಚಿನಲ್ಲಿ ಅಂಗೈಯಗಲದಷ್ಟು ಜೋಮು. ಜೋಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅತ್ತ ಕೆನ್ನೆಯ ಸ್ನಾಯು ಆದೇಶವಿಲ್ಲದೆ ಸೊರಗುತ್ತಿರುತ್ತದೆ. ಹನ್ನೆರಡರಿಂದ ಹದಿನೆಂಟು ತಿಂಗಳು ಕಳೆದರೆ ನರ ಬಂದು ತಲುಪಿದರೂ ಅದು ಏಳುವುದು ಕಷ್ಟ.

ಮೂಲ ನರವೇ ಇಲ್ಲವಾದರೆ ಬೇರೆ ನರವನ್ನು ಎರವಲು ತರಬೇಕು. 1895ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲನ್ಸ್ ಭುಜದ ನರವನ್ನು ಮುಖದ ನರಕ್ಕೆ ಜೋಡಿಸಿದರು. ಮುಖವೇನೋ ಅಲುಗಿತು, ಆದರೆ ಭುಜ ಎತ್ತಿದಾಗ. 1901ರಲ್ಲಿ ಜರ್ಮನಿಯ ವೆರ್ನರ್ ಕೋರ್ಟೆ ನಾಲಿಗೆಯ ನರ ಬಳಸಿದರು. ಆಗ ನಾಲಿಗೆಯ ಅರ್ಧ ಭಾಗ ಸೊರಗುತ್ತಿತ್ತು. ಈಗ ಹೆಚ್ಚಾಗಿ ಬಳಸುವುದು ಅಗಿಯುವ ಸ್ನಾಯುವಿನ ನರವನ್ನು. ಅದರ ಒಂದು ಕವಲು ತೆಗೆದರೂ ಅಗಿಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ.

ಸ್ನಾಯುವೇ ಹೋಗಿದ್ದರೆ? ಇದಕ್ಕೆ ಉತ್ತರ ಬಂದದ್ದು ಜಪಾನಿನಿಂದ. ಕಿಯೊನೋರಿ ಹಾರಿಯಿ ಮತ್ತು ಸಂಗಡಿಗರು ತೊಡೆಯ ಒಳಮಗ್ಗುಲಿನ ಗ್ರಾಸಿಲಿಸ್ ಸ್ನಾಯುವನ್ನು ರಕ್ತನಾಳ, ನರಗಳ ಸಮೇತ ಕೆನ್ನೆಗೆ ಕಸಿ ಮಾಡಿ, 1976ರಲ್ಲಿ ಪ್ರಕಟಿಸಿದರು. ತೊಡೆಯಲ್ಲಿ ಅದೇ ಕೆಲಸ ಮಾಡುವ ಬೇರೆ ಸ್ನಾಯುಗಳಿರುವುದರಿಂದ ನಡಿಗೆಗೆ ಅಡ್ಡಿಯಾಗುವುದಿಲ್ಲ.

ಈ ಶಸ್ತ್ರಚಿಕಿತ್ಸೆಯ ಮೊದಲ ಹೆಜ್ಜೆ ಅರಿವಳಿಕೆ ಕೊಡುವ ಮುನ್ನವೇ ಆಗುತ್ತದೆ. ರೋಗಿಯನ್ನು ಕೂರಿಸಿ ನಗಲು ಹೇಳುತ್ತಾರೆ. ಕೆಲವರು ನಕ್ಕರೆ ತುಟಿಯ ಮೂಲೆ ಮೇಲೇರುತ್ತದೆ, ಕೆಲವರಿಗೆ ಕೋರೆಹಲ್ಲಿನ ಕಡೆಯ ಮೇಲ್ದುಟಿ ಮೊದಲು ಎದ್ದುಬಿಡುತ್ತದೆ, ಇನ್ನು ಕೆಲವರದು ಎರಡೂ ಸಾಲು ಹಲ್ಲು ಕಾಣುವ ನಗು. ಸರಿಯಿರುವ ಪಕ್ಕದ ನಗು ಎತ್ತ ಎಳೆಯುತ್ತದೆ ಎಂದು ನೋಡಿಕೊಂಡು, ಅದೇ ದಿಕ್ಕಿಗೆ ಈ ಪಕ್ಕದ ಕೆನ್ನೆಯ ಮೇಲೆ ಶಾಯಿಯಲ್ಲಿ ಗೆರೆ ಹಾಕುತ್ತಾರೆ. ಹೊಸ ಸ್ನಾಯು ಕೂರುವುದು ಆ ಗೆರೆಯ ಗುಂಟ. ತೊಡೆಯಿಂದ ತೆಗೆದ ಪಟ್ಟಿಯನ್ನು ತೆಳ್ಳಗೆ ಮಾಡಿ, ಒಂದು ತುದಿಯನ್ನು ಬಾಯಿಯ ಮೂಲೆಗೂ ಮೇಲ್ದುಟಿಗೂ, ಇನ್ನೊಂದನ್ನು ಕಿವಿಯ ಮುಂದಕ್ಕೂ ಹೊಲಿಯುತ್ತಾರೆ. ಬಿಗಿ ಹೆಚ್ಚಾದರೆ ಸುಮ್ಮನಿದ್ದಾಗಲೂ ಬಾಯಿ ಎಳೆದಿರುತ್ತದೆ, ಕಮ್ಮಿಯಾದರೆ ನಗುವೇ ಏಳುವುದಿಲ್ಲ. ಆಮೇಲೆ ಸೂಕ್ಷ್ಮದರ್ಶಕದಡಿ ಒಂದೆರಡು ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಿಂದ ಜೋಡಿಸಬೇಕು. ಕ್ಲಿಪ್ ಬಿಚ್ಚಿದ ಕೂಡಲೇ, ಅಲ್ಲಿಯವರೆಗೂ ಬಿಳಿಚಿಕೊಂಡಿದ್ದ ಸ್ನಾಯು ನೋಡನೋಡುತ್ತ ಕೆಂಪೇರುತ್ತದೆ. ಕೊನೆಗೆ ನರದ ಹೊಲಿಗೆ.

ಆ ನರವನ್ನು ಎಲ್ಲಿಂದ ತರಬೇಕೆಂಬುದರಲ್ಲಿ ಎರಡು ದಾರಿಗಳಿವೆ. ಸರಿಯಿರುವ ಕೆನ್ನೆಯಿಂದ ಮೇಲ್ದುಟಿಯ ಮೂಲಕ ಈಚೆಗೆ ನರದ ಎಳೆ ಹಾಯಿಸುವುದು ಒಂದು. ಇದು ಎರಡು ಹಂತದ ಕೆಲಸ, ನಡುವೆ ತಿಂಗಳುಗಟ್ಟಲೆ ಕಾಯಬೇಕು. ಮೇಲ್ದುಟಿಯ ಹತ್ತಿರ ಬೆರಳಿನಿಂದ ತಟ್ಟಿದಾಗ ಜುಮ್ಮೆಂದರೆ ನರ ಅಲ್ಲಿಗೆ ಬಂದಿದೆ ಎಂದು ಲೆಕ್ಕ. ತಡವಾದರೂ, ಈ ನಗು ಮನಸ್ಸು ಅರಳಿದಾಗ ತಾನಾಗಿ ಬರುತ್ತದೆ. ಎರಡನೆಯದು ಅಗಿಯುವ ನರ. ಒಂದೇ ಹಂತದಲ್ಲಿ ಮುಗಿಯುತ್ತದೆ, ಎಳೆತಕ್ಕೆ ಬಲವೂ ಹೆಚ್ಚು, ಆದರೆ ನಗಬೇಕೆಂದರೆ ಹಲ್ಲು ಕಚ್ಚಬೇಕು. ಕೆನಡಾದ ಟೊರೊಂಟೊದಲ್ಲಿ ರೊನಾಲ್ಡ್ ಝುಕರ್ ಮತ್ತು ರಾಲ್ಫ್ ಮ್ಯಾಂಕ್ಟೆಲೋ ಮೋಬಿಯಸ್ ಮಕ್ಕಳಿಗೆ ಇದನ್ನೇ ಬಳಸಿದರು, ಏಕೆಂದರೆ ಆ ಮಕ್ಕಳಿಗೆ ಸರಿಯಿರುವ ಪಕ್ಕವೇ ಇಲ್ಲ. ಮುಂದೆ ಕನ್ನಡಿಯ ಮುಂದೆ ಕೂತು ಅಭ್ಯಾಸ: ಮೊದಲು ಹಲ್ಲು ಕಚ್ಚಿ ನಗು, ಆಮೇಲೆ ಮೆಲ್ಲಗೆ ಕಚ್ಚಿ, ಕೊನೆಗೆ ಕಚ್ಚದೆ. 2006ರಲ್ಲಿ ಮ್ಯಾಂಕ್ಟೆಲೋ ತಂಡ ವರದಿ ಮಾಡಿದ 27 ರೋಗಿಗಳಲ್ಲಿ ಶೇ 85 ಮಂದಿ ಕಚ್ಚದೆಯೇ ನಗಲು ಕಲಿತಿದ್ದರು. ದೊಡ್ಡವರ ಮೆದುಳೂ ಇಷ್ಟು ಬಗ್ಗುತ್ತದೆ ಎಂಬುದು ನನಗೆ ಈ ಇಡೀ ವಿಷಯದಲ್ಲೇ ಅತಿ ಸಂತೋಷದ ಸಂಗತಿ.

ಇಷ್ಟು ಹೇಳುವಾಗ ನಮ್ಮ ಪಕ್ಕದ ವೇಲೂರನ್ನು ಮರೆಯಬಾರದು. ಕುಷ್ಠರೋಗ ಮುಖದ ನರದ ರೆಪ್ಪೆಯ ಕವಲನ್ನು ಹಾಳುಮಾಡುತ್ತದೆ. ಕಣ್ಣಿನ ಸ್ಪರ್ಶಜ್ಞಾನವೂ ಹೋದರೆ, ಮುಚ್ಚದ ಕಣ್ಣಿಗೆ ಧೂಳು ಬಿದ್ದದ್ದೂ ಗೊತ್ತಾಗದೆ ಕರಿಗುಡ್ಡೆ ಹುಣ್ಣಾಗಿ ದೃಷ್ಟಿ ಹೋಗುತ್ತದೆ. ಕಣತಲೆಯ ಅಗಿಯುವ ಸ್ನಾಯುವಿನ ಒಂದು ಪಟ್ಟಿಯನ್ನು ರೆಪ್ಪೆಗಳವರೆಗೆ ಎಳೆದು ತರುವ ವಿಧಾನವನ್ನು ಬ್ರಿಟನ್ನಿನ ಹೆರಾಲ್ಡ್ ಗಿಲ್ಲೀಸ್ 1934ರಲ್ಲಿ ವಿವರಿಸಿದ್ದರು. ಅದನ್ನು ಕುಷ್ಠರೋಗಿಗಳ ಕಣ್ಣುಳಿಸುವ ಕೆಲಸಕ್ಕೆ ಪಳಗಿಸಿದವರಲ್ಲಿ ವೇಲೂರು, ಕರಿಗಿರಿಯ ಶಸ್ತ್ರಚಿಕಿತ್ಸಕರು ಮುಖ್ಯರು. ಅಂಥ ರೋಗಿ ದವಡೆ ಬಿಗಿದರೆ ಕಣ್ಣು ಮುಚ್ಚುತ್ತದೆ. ದಿನವಿಡೀ ಆಗಾಗ ದವಡೆ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಕಣ್ಣಿಗೆ ಇನ್ನೂ ಸರಳವಾದ ಉಪಾಯವೊಂದಿದೆ: ಮೇಲಿನ ರೆಪ್ಪೆಯ ಚರ್ಮದಡಿ ಸುಮಾರು ಒಂದು ಗ್ರಾಂ ಚಿನ್ನದ ತಗಡು. ರೆಪ್ಪೆ ಎತ್ತುವ ನರ ಬೇರೆ, ಅದು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಮುಚ್ಚುವ ನರ. ಎತ್ತುವುದನ್ನು ಬಿಟ್ಟಾಗ ಚಿನ್ನದ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಎಷ್ಟು ತೂಕ ಬೇಕೆಂದು ಮೊದಲೇ ರೆಪ್ಪೆಯ ಮೇಲೆ ಅಂಟಿಸಿ ನೋಡುತ್ತಾರೆ. ಭೂಮಿಯ ಸೆಳೆತವನ್ನೇ ನಂಬಿದ ಉಪಾಯವಾದ್ದರಿಂದ ರಾತ್ರಿ ತಲೆ ಸ್ವಲ್ಪ ಎತ್ತರಿಸಿ ಮಲಗಬೇಕಾಗುತ್ತದೆ.

ಯಾವ ಶಸ್ತ್ರಚಿಕಿತ್ಸೆಯೂ ಹಳೆಯ ಮುಖವನ್ನು ಪೂರ್ತಿ ಮರಳಿಸುವುದಿಲ್ಲ. ಇದನ್ನು ಒಳ್ಳೆಯ ಶಸ್ತ್ರಚಿಕಿತ್ಸಕರು ಮೊದಲ ಭೇಟಿಯಲ್ಲೇ ಹೇಳುತ್ತಾರೆ. ಹುಬ್ಬಿನ ಚಲನೆ ಮರಳುವುದು ಅಪರೂಪ. ಮತ್ತೆ ಬೆಳೆದ ನರ ದಾರಿ ತಪ್ಪಿ, ನಕ್ಕಾಗ ಕಣ್ಣು ಮುಚ್ಚಿಕೊಳ್ಳುವುದೂ ಉಂಟು. ಅದಕ್ಕೆ ಬೊಟಾಕ್ಸ್ ಚುಚ್ಚುಮದ್ದು, ವ್ಯಾಯಾಮ ಇದೆ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಖ ವಾಲಿದವರು ಹಣೆಯನ್ನು ಎರಡೂ ಪಕ್ಕ ಸುಕ್ಕುಗಟ್ಟಿಸಬಲ್ಲರಾದರೆ, ಅಥವಾ ಕೈಕಾಲಿನ ಶಕ್ತಿ, ಮಾತು ತಪ್ಪಿದ್ದರೆ, ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹಾಗಲ್ಲದಿದ್ದರೂ ಮೂರು ದಿನದೊಳಗೆ ವೈದ್ಯರಿಗೆ ತೋರಿಸಿ, ಕಣ್ಣನ್ನು ಹನಿ ಮತ್ತು ಮುಲಾಮು ಹಾಕಿ ಒಣಗದಂತೆ ಕಾಪಾಡಿ. ಮೂರು ನಾಲ್ಕು ತಿಂಗಳಾದರೂ ಮುಖ ಒಂದಿಷ್ಟೂ ಅಲುಗದಿದ್ದರೆ, ಇನ್ನೇನು ಸರಿಹೋಗುತ್ತದೆ ಎಂದು ವರ್ಷ ಕಳೆಯಬೇಡಿ. ಆಗಲೇ ಒಬ್ಬ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ.