ಕ್ರೇನಿನ ಗೆರೆ, ಬೆನ್ನಿನ ಸ್ಕ್ರೂ

1866, ಜ್ಯೂರಿಕ್ ನಗರ. ಅಂಗರಚನಾ ಪ್ರಾಧ್ಯಾಪಕ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಜಾಲರಿಯನ್ನು ವಿದ್ವತ್‌ಸಭೆಗೆ ತೋರಿಸುತ್ತಿದ್ದ. ಸಭಿಕರಲ್ಲಿ ಎಂಜಿನಿಯರ್ ಕಾರ್ಲ್ ಕುಲ್ಮನ್ ಕೂಡ ಇದ್ದ. ಗೆರೆ ಎಳೆದೇ ಬಲಗಳ ಲೆಕ್ಕ ಬಿಡಿಸುವುದರಲ್ಲಿ ಪಳಗಿದ ಕೈ ಅವನದು. ಬಾಗಿದ ಕ್ರೇನಿನೊಳಗೆ ತಾನು ಎಳೆಯುವ ಒತ್ತಡದ ಗೆರೆಗಳೇ ಮೂಳೆಯೊಳಗೂ ಹರಿದಿವೆಯಲ್ಲ ಎಂದು ಅವನಿಗೆ ಹೊಳೆಯಿತು. ಮೂಳೆಯೆಂದರೆ ತೂತುತೂತಿನ ಜಾಲರಿ, ಗಟ್ಟಿ ಕ್ರೇನಿನ ಗಣಿತ ಅದಕ್ಕೆ ಹೊಂದುವುದೇ ಎಂದು ಮುಂದೆ ದೊಡ್ಡ ಜಗಳವೇ ನಡೆಯಿತು. ನಡೆಯಲಿ. ಮೂಳೆಯ ಉಪನ್ಯಾಸಕ್ಕೆ ಎಂಜಿನಿಯರೊಬ್ಬ ಬಂದು ಕೂತನಲ್ಲ, ನನಗೆ ಅದೇ ದೊಡ್ಡದು.

ಮುಂದಿನ ನೂರು ವರ್ಷ ದಾಟಿಬಿಡೋಣ. ಒಂದು ವಸ್ತುವನ್ನು ಸಾವಿರಾರು ತುಣುಕಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ‘ಫೈನೈಟ್ ಎಲಿಮೆಂಟ್’ ವಿಧಾನಕ್ಕೆ 1960ರಲ್ಲಿ ಆ ಹೆಸರಿಟ್ಟವನು ರೇ ಕ್ಲಫ್. 1972ರಲ್ಲಿ ಡಚ್ ಸಂಶೋಧಕರು ಅದನ್ನು ತೊಡೆಮೂಳೆಗೆ ಒಗ್ಗಿಸಿದರು. ಅಷ್ಟರಲ್ಲಿ ಪ್ಯಾರಿಸ್‌ನ ಶಸ್ತ್ರವೈದ್ಯ ರುವಾ-ಕಾಮಿ ಬೆನ್ನುಮೂಳೆಯ ಪೆಡಿಕಲ್‌ಗೆ ಸ್ಕ್ರೂ ತಿರುಗಿಸಿ ಆಗಿತ್ತು. ಕಶೇರುವಿನ ಹಿಂಭಾಗವನ್ನು ಮುಂದಿನ ದಪ್ಪ ದಿಂಡಿಗೆ ಜೋಡಿಸುವ ಗಿಡ್ಡ ಕುತ್ತಿಗೆಯೇ ಈ ಪೆಡಿಕಲ್.

ಸ್ಕ್ರೂ ಎಷ್ಟು ಬಿಗಿ? ಮೃತದೇಹದ ಮೂಳೆಗೋ ಪಾಲಿಯುರಿಥೇನ್ ನೊರೆಯ ದಿಮ್ಮಿಗೋ ಅದನ್ನು ಕೂರಿಸಿ, ಯಂತ್ರಕ್ಕೆ ಕಟ್ಟಿ, ನೇರವಾಗಿ ಎಳೆಯುವುದು ಹಳೆಯ ಪರೀಕ್ಷೆ. ಆದರೆ ಬೆನ್ನಿನ ಸ್ಕ್ರೂವನ್ನು ಹಾಗೆ ಎಳೆಯುವವರು ಯಾರು? ಬಾಗಿದಾಗ, ನಡೆದಾಗ ಅದು ಮೇಲೆ ಕೆಳಗೆ ಅಲುಗುತ್ತದೆ. ಗೋಡೆಯ ಮೊಳೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುತ್ತೇವಲ್ಲ, ಹಾಗೆ ಸಡಿಲಾಗುತ್ತದೆ.

ಈ ಅಲುಗಾಟವನ್ನು ಅದೇ ಫೈನೈಟ್ ಎಲಿಮೆಂಟ್ ವಿಧಾನದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಸಿಟಿ ಸ್ಕ್ಯಾನಿನ ಬೂದುಬಣ್ಣದ ಗಾಢತೆಯಿಂದ ಮೂಳೆಯ ಸಾಂದ್ರತೆ, ಅದರಿಂದ ಪ್ರತಿ ತುಣುಕಿನ ಬಿಗುವು, ಅಂದರೆ ಒತ್ತಿದರೆ ಸುಲಭಕ್ಕೆ ಬಗ್ಗದ ಗುಣ, ಸಿಗುತ್ತದೆ. ಮೂಳೆಯ ಬಲ ಸಾಂದ್ರತೆಯ ವರ್ಗಕ್ಕೆ, ಬಿಗುವು ಘನಕ್ಕೆ ಅನುಗುಣವೆಂದು ಕಾರ್ಟರ್ ಮತ್ತು ಹೇಯ್ಸ್ 1977ರಲ್ಲಿ ತೋರಿಸಿದರು. ಅಂದರೆ ಸಾಂದ್ರತೆ ಅರ್ಧಕ್ಕಿಳಿದರೆ ಬಲ ಕಾಲುಭಾಗ, ಬಿಗುವು ಎಂಟನೇ ಒಂದು. ಮೂಳೆ ಸವೆದ ಅಜ್ಜಿಯರ ಬೆನ್ನಲ್ಲಿ ಸ್ಕ್ರೂ ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಇದೇ. ಸ್ಕ್ಯಾನಿನಿಂದ ಸಾಂದ್ರತೆ ಲೆಕ್ಕಹಾಕುವಾಗಿನ ಸಣ್ಣ ತಪ್ಪೂ ಇದೇ ಘನದ ಲೆಕ್ಕದಲ್ಲಿ ಬೆಳೆದುಬಿಡುತ್ತದೆ.

ನನ್ನ ತಕರಾರು ಇನ್ನೊಂದಿದೆ. ಲೆಕ್ಕ ಬೇಗ ಮುಗಿಯಲೆಂದು ಎಷ್ಟೋ ಮಾದರಿಗಳಲ್ಲಿ ಸ್ಕ್ರೂವನ್ನು ಮೂಳೆಗೆ ಅಂಟಿಸಿದಂತೆ ಭಾವಿಸಿಕೊಳ್ಳುತ್ತಾರೆ. ಅದು ಜಾರುವುದೇ ಇಲ್ಲ, ಸುತ್ತ ಬಿರುಕು ಬಿಡುವುದೂ ಇಲ್ಲ. ಜಾರಿಕೆ, ಘರ್ಷಣೆ ಸೇರಿಸಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ, ನಿಜ. ಆದರೆ ಸಡಿಲಾಗುವುದನ್ನು ತಿಳಿಯಲು ಹೊರಟವರು ಅದನ್ನೇ ಕೈಬಿಟ್ಟರೆ ಹೇಗೆ? ಒಂದೇ ಮೂಳೆಯಲ್ಲಿ ಎರಡು ಸ್ಕ್ರೂಗಳನ್ನು ಹೋಲಿಸಲು ಇಂಥ ಮಾದರಿ ಸಾಕು. ಒಬ್ಬ ರೋಗಿಗೆ ಭರವಸೆ ಕೊಡಲು ಸಾಲದು.